ಬೆಂಗಳೂರಿನಲ್ಲಿ ಬ್ಲ್ಯಾಕ್‌ಕರೆಂಟ್ ಗಿಡ ಬೆಳೆದವರು ಇದ್ದೀರಾ?

ವಿದ್ಯಾರಣ್ಯಪುರದಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಸ್ವಲ್ಪ ಜಾಗ ಇದೆ, ಬಿಸಿಲೂ ಚೆನ್ನಾಗಿ ಬೀಳುತ್ತದೆ. ಮಗಳಿಗೆ ಬ್ಲ್ಯಾಕ್‌ಕರೆಂಟ್ ಐಸ್‌ಕ್ರೀಮ್ ಅಂದರೆ ಪ್ರಾಣ. ಆ ಗಿಡವನ್ನೇ ನೆಡೋಣ ಅಂತಿದ್ದೇನೆ. ಸಸಿ ಆನ್‌ಲೈನ್‌ನಲ್ಲಿ ಸಿಗುತ್ತಿದೆ. ಬೆಳೆದವರು ದಯವಿಟ್ಟು ತಿಳಿಸಿ.

ಬಸವನಗುಡಿಯಿಂದ:
ದಯವಿಟ್ಟು ದುಡ್ಡು ಹಾಕಬೇಡಿ. ಅದು ಪೋಲೆಂಡ್, ರಷ್ಯಾ, ಇಂಗ್ಲೆಂಡ್ ಕಡೆಯ ಗಿಡ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಿಬಿಡುತ್ತದೆ. ಹೆಚ್ಚಿನ ತಳಿಗಳಿಗೆ 7 ಡಿಗ್ರಿಗಿಂತ ಕಡಿಮೆ ಚಳಿ ಒಟ್ಟು 800 ಗಂಟೆಗೂ ಜಾಸ್ತಿ ಸಿಗಬೇಕು, ಆಗಲೇ ಮೊಗ್ಗು ಸರಿಯಾಗಿ ಒಡೆಯುವುದು. ನಮ್ಮಲ್ಲಿ ಜನವರಿ ರಾತ್ರಿಯೂ 15 ಡಿಗ್ರಿ ಆಸುಪಾಸು. ಬೆಂಗಳೂರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರಲ್ಲಿ! ಯಾವ ಗೊಬ್ಬರ ಹಾಕಿದರೂ ಈ ಕೊರತೆ ತುಂಬುವುದಿಲ್ಲ.

ಮಲ್ಲೇಶ್ವರದಿಂದ:
ಅವರು ಹೇಳಿದ್ದು ನಿಜ. ಆದರೆ ಬೇಜಾರು ಮಾಡಿಕೊಳ್ಳಬೇಡಿ, ಕವಳೆ ನೆಡಿ. ಕರಂಡೆ ಅಂತಲೂ ಕರೆಯುತ್ತಾರೆ. ನಮ್ಮೂರು ಸಾಗರದ ಕಡೆ. ಅಲ್ಲಿ ಬೇಲಿ ಸಾಲಿನಲ್ಲಿ ಯಾರೂ ನೀರು ಹಾಕದೆ ಬೆಳೆಯುತ್ತದೆ. ಇಲ್ಲಿ ನಮ್ಮ ಕಾಂಪೌಂಡ್ ಪಕ್ಕದಲ್ಲೂ ಒಂದಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಬಿಳಿ ಹೂ, ಒಳ್ಳೆ ಪರಿಮಳ. ಮೇ, ಜೂನ್ ಹೊತ್ತಿಗೆ ಕಾಯಿ ಕೆಂಪಾಗಿ, ಆಮೇಲೆ ಕಪ್ಪು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬೇಕರಿ ಬನ್ ಮೇಲಿನ ಕೆಂಪು ಚೆರ್ರಿ ಎಷ್ಟೋ ಸಲ ಇದೇ ಕಾಯಿ, ಸಕ್ಕರೆ ಪಾಕದಲ್ಲಿ ಹಾಕಿ ಬಣ್ಣ ಕೊಟ್ಟದ್ದು.

ಕಾಯಿ ಕಿತ್ತರೆ ತೊಟ್ಟಿನಿಂದ ಬಿಳಿ ಹಾಲು ಬರುತ್ತದೆ. ಬೆರಳಿಗೆ ಮೆತ್ತಿದರೆ ಸೋಪಿಗೂ ಹೋಗುವುದಿಲ್ಲ. ಕೀಳುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳಿ. ಮುಳ್ಳು ಜೋಡಿ ಜೋಡಿಯಾಗಿ ಇರುತ್ತದೆ, ಸೂಜಿಯಷ್ಟು ಚೂಪು. ಮಗು ಆಡುವ ಜಾಗದಿಂದ ದೂರ ನೆಡಿ, ಎದೆಮಟ್ಟಕ್ಕೆ ಕತ್ತರಿಸುತ್ತಾ ಇರಿ. ಬೀಜದಿಂದಲೂ ಬರುತ್ತದೆ, ಆದರೆ ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಒಣಗಿಸಿಟ್ಟ ಬೀಜ ಬೇಗ ಕೆಡುತ್ತದೆ. ಲಾಲ್‌ಬಾಗ್ ನರ್ಸರಿಯಲ್ಲೂ ಸಸಿ ಕೇಳಿ ನೋಡಿ.

ಜಾಮ್ ಮಾಡುವುದಾದರೆ ಕಪ್ಪಾದ ಹಣ್ಣಿನ ಜೊತೆ ಒಂದಿಷ್ಟು ಕೆಂಪು ಕಾಯಿಯನ್ನೂ ಸೇರಿಸಿ. ಇದರಲ್ಲಿ ಪೆಕ್ಟಿನ್ ಜಾಸ್ತಿ, ತಾನಾಗೇ ಗಟ್ಟಿಯಾಗುತ್ತದೆ. ಬಣ್ಣ ಎಷ್ಟು ಚೆಂದ ಬರುತ್ತದೆ ಗೊತ್ತಾ! ಹುಳಿ, ಸಿಹಿ ಎರಡೂ ಇರುವ ಈ ಜಾಮನ್ನು ವೆನಿಲ್ಲಾ ಐಸ್‌ಕ್ರೀಮ್ ಮೇಲೆ ಹಾಕಿ ಕೊಡಿ. ಮಗಳಿಗೆ ಖಂಡಿತ ಇಷ್ಟವಾಗುತ್ತದೆ.

ಯಲಹಂಕದಿಂದ:
ಬೇಗ ಹಣ್ಣು ಬೇಕಾದರೆ ಹಿಪ್ಪುನೇರಳೆ ಹಾಕಿ. ದೊಡ್ಡಬಳ್ಳಾಪುರ, ದೇವನಹಳ್ಳಿ ಹತ್ತಿರದ ವಿಜಯಪುರದ ಕಡೆ ರೇಷ್ಮೆ ಬೆಳೆಯುವವರು ಪರಿಚಯ ಇದ್ದರೆ ಪೆನ್ಸಿಲ್ ದಪ್ಪದ ಕಡ್ಡಿ ಕೇಳಿ ತನ್ನಿ. ಮೂರು ನಾಲ್ಕು ಕಣ್ಣು ಇದ್ದರೆ ಸಾಕು, ಮಳೆಗಾಲದಲ್ಲಿ ಚುಚ್ಚಿದರೆ ಬೇರು ಬಿಡುತ್ತದೆ. ರೆಂಬೆ ಸವರಿದರೆ ಹೊಸ ಚಿಗುರಿನ ಜೊತೆಗೇ ಹಣ್ಣು ಬರುತ್ತದೆ. ಹಣ್ಣಾಗುವ ಹೊತ್ತಿಗೆ ಬಲೆ ಕಟ್ಟಿ, ಇಲ್ಲದಿದ್ದರೆ ಕೋಗಿಲೆ, ಪಿಕಳಾರಗಳ ಪಾಲು.

ಕೇಳಿದವರಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡನ್ನೂ ನೆಡುತ್ತೇನೆ. ಕವಳೆಗೆ ಎಷ್ಟು ದೊಡ್ಡ ಗುಂಡಿ ಬೇಕು?

ಮಲ್ಲೇಶ್ವರದಿಂದ:
ಎರಡು ಅಡಿ ಸಾಕು. ನೀರು ನಿಲ್ಲದ ಕಡೆ ತೋಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ. ಮುಂಗಾರಿಗೆ ಮುಂಚೆಯೇ ಗುಂಡಿ ಸಿದ್ಧ ಮಾಡಿಕೊಳ್ಳಿ.