‘ಮೂಗು ಓಡ್ತಿದೆ’ ಅನ್ನೋ ಮಕ್ಕಳಿಗೆ ‘ರನ್’ ಬಿಡಿಸಿ ಹೇಳೋದು ಹೇಗೆ?

ಪ್ರಶ್ನೆ: ಮನೇಲಿ ಕನ್ನಡ, ಶಾಲೇಲಿ ಇಂಗ್ಲಿಷ್. ಮಗು ‘ಮೂಗು ಓಡ್ತಿದೆ’, ‘ಬ್ಯಾಟರಿ ಓಡಿಹೋಯ್ತು’ ಅನ್ನುತ್ತೆ. ತಿದ್ದಬೇಕಾ, ತಾನಾಗೇ ಸರಿಹೋಗುತ್ತಾ?

ಉತ್ತರ: ತಾನಾಗೇ ಸರಿಹೋಗಲಿ ಅಂತ ಬಿಡಬೇಡಿ. ರನ್ ಅಂದರೆ ಓಡು ಅಂತ ಕಲಿತ ಮಗು ಅದನ್ನೇ ಎಲ್ಲ ಕಡೆ ಅಂಟಿಸುತ್ತೆ. ಪದವೂ ಸಾಮಾನ್ಯದ್ದಲ್ಲ ಬಿಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ ಪದಕ್ಕಿತ್ತು. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನೂ ಮೀರಿಸಿತು. ಕ್ರಿಯಾಪದವಾಗಿ ಅದೊಂದಕ್ಕೇ 645 ಅರ್ಥ. ಜರ್ಮನ್‌ನಲ್ಲಿ ಇದರ ದಾಯಾದಿಗಳು ಬೇರೆ ಬೇರೆ ಮನೆ ಮಾಡಿಕೊಂಡಿವೆ: ‘ರೆನ್ನೆನ್’ ಅಂದರೆ ಓಡು, ‘ರಿನ್ನೆನ್’ ಅಂದರೆ ಹರಿ, ಜಿನುಗು. ಇಂಗ್ಲಿಷಿನಲ್ಲಿ ಕಾಲಿನ ಓಟಕ್ಕೂ ನೀರಿನ ಹರಿವಿಗೂ ಒಂದೇ ಪದ. ಮೂಗಿನ ತಕರಾರು ಶುರುವಾಗೋದೇ ಇಲ್ಲಿ.

ದ್ರವದ ವಿಷಯದಲ್ಲಿ ಕನ್ನಡ ತುಂಬ ಕಟ್ಟುನಿಟ್ಟು. ನಿಲ್ಲಬೇಕಾದ ಕಡೆ ನಿಲ್ಲದೆ ಹೊರಬಂದರೆ ಸೋರು: ಮೂಗು ಸೋರುತ್ತೆ, ಸೂರು ಸೋರುತ್ತೆ. ಮೇಲಿಂದ ಧಾರಾಳವಾಗಿ ಬಿದ್ದರೆ ಸುರಿ. ಹನಿಹನಿಯಾಗಿ ಬಿದ್ದರೆ ತೊಟ್ಟಿಕ್ಕು. ಗಾಯದಿಂದ, ಗೋಡೆಯಿಂದ ಸಣ್ಣಗೆ ಬಂದರೆ ಜಿನುಗು. ದಾರಿ ಹಿಡಿದು ಹೋದರೆ ಹರಿ. ನಲ್ಲಿ ಮಾತ್ರ ಇದ್ಯಾವುದೂ ಅಲ್ಲ. ‘ನಲ್ಲೀಲಿ ನೀರು ಬರ್ತಿದೆ’, ಅಷ್ಟೇ. ಒಗೆದಾಗ ಬಟ್ಟೆಯ ಬಣ್ಣ ಹೋದರೆ ‘ಬಣ್ಣ ಬಿಡ್ತಿದೆ’.

ದ್ರವ ಬಿಟ್ಟು ಬೇರೆ ಕಡೆ ಇಂಗ್ಲಿಷ್ ರನ್ ಅನ್ನೋದಕ್ಕೂ ಕನ್ನಡದಲ್ಲಿ ಬೇರೆ ಬೇರೆ ಮಾತು. ಬ್ಯಾಟರಿಗೆ, ಕಾಗದಕ್ಕೆ, ಸಮಯಕ್ಕೆ ‘ಮುಗೀತು’. ಜ್ವರ ‘ಬರುತ್ತೆ’, ಇಲ್ಲವೇ ‘ಇರುತ್ತೆ’. ದಾರೀಲಿ ಯಾರೋ ಎದುರಾದರೆ ‘ಸಿಕ್ಕಿದ್ರು’. ಚುನಾವಣೆಗೆ ಅಮೆರಿಕದವರು ಓಡ್ತಾರೆ, ಬ್ರಿಟನ್ನಿನವರು ನಾವು ನಿಲ್ಲೋ ಹಾಗೆಯೇ ನಿಲ್ತಾರೆ. ಅಮೆರಿಕದಲ್ಲಿ ಬೆಳೆಯೋ ಮಗು ‘ಚುನಾವಣೆಗೆ ಓಡ್ತಿದ್ದಾರೆ’ ಅಂದರೆ ಆಶ್ಚರ್ಯವಿಲ್ಲ.

ಒಂದು ಪದದ ಮೇಲೆ ಸ್ವಲ್ಪ ಕಣ್ಣಿರಲಿ: ‘ಓಡಿಹೋದಳು’. ಆಟದ ನಡುವೆ ಆಚೆ ಓಡಿದ ಅಕ್ಕನ ಬಗ್ಗೆ ಮಗು ಫೋನಿನಲ್ಲಿ ‘ಅಕ್ಕ ಓಡಿಹೋದಳು’ ಅಂದರೆ ಅಜ್ಜಿಯ ಎದೆ ಧಸಕ್ಕೆನ್ನುತ್ತೆ!

ಮತ್ತೊಬ್ಬರು: ಇದರ ಜೊತೆಗೆ ಕ್ರಿಯಾಪದದ ಕೊನೆಗೆ ಅಂಟಿಕೊಳ್ಳೋ ‘ಇಸು’ ಕಡೆಗೂ ಗಮನ ಕೊಡಿ. ಅಂಗಡಿ ತಾನೇ ನಡೆದರೂ ರನ್, ಯಜಮಾನರು ನಡೆಸಿದರೂ ರನ್. ಕನ್ನಡದಲ್ಲಿ ನಡೆ–ನಡೆಸು, ಓಡು–ಓಡಿಸು, ಹರಿ–ಹರಿಸು ಬೇರೆ ಬೇರೆ. ಮಕ್ಕಳು ‘ಅವರು ಅಂಗಡಿ ನಡೀತಾರೆ’ ಅನ್ನೋದು ಇದೇ ಕಾರಣಕ್ಕೆ. ಆದರೆ ಪಾಲು ನಮ್ಮದೂ ಇದೆ. ದೊಡ್ಡವರು ‘ಪ್ರೋಗ್ರಾಂ ರನ್ ಮಾಡು’, ‘ಮೋಟರ್ ರನ್ ಆಗ್ತಿದೆ’ ಅಂತ ಮಾತಾಡಿದರೆ ‘ಮಾಡು’, ‘ಆಗು’ ಎರಡೇ ಎಲ್ಲ ಕೆಲಸ ಮುಗಿಸಿಬಿಡುತ್ತವೆ. ವ್ಯಾಕರಣ ತಪ್ಪೋದಿಲ್ಲ, ಮಗುವಿನ ಕಿವಿಗೆ ಕನ್ನಡದ ಕ್ರಿಯಾಪದವೇ ಬೀಳೋದಿಲ್ಲ. ಮೊದಲು ನಮ್ಮ ಮಾತಿಂದ ‘ರನ್ ಮಾಡು’ ತೆಗೆಯೋಣ.

ತಿದ್ದುವಾಗ ‘ಹಾಗಲ್ಲ, ಹೀಗೆ’ ಅಂತ ಮಾತು ತಡೆದರೆ ಮಗು ಇಂಗ್ಲಿಷಿಗೆ ಜಾರುತ್ತೆ. ‘ಮೂಗು ಓಡ್ತಿದೆ’ ಅಂದ ಕೂಡಲೇ ‘ಅಯ್ಯೋ, ಮೂಗು ಸೋರ್ತಿದೆಯಾ? ಬಾ ಒರೆಸ್ತೀನಿ’ ಅನ್ನಿ. ಸರಿಯಾದ ಮಾತೂ ಬಂತು, ಕೆಲಸವೂ ಆಯ್ತು. ತಿರುಗಿ ಹೇಳು ಅಂತ ಒತ್ತಾಯಿಸಬೇಡಿ. ಪದವನ್ನು ಬಿಡಿಯಾಗಿ ಕೊಡೋದೂ ಬೇಡ. ‘ಸೋರು’ ಅಂತ ಒಂದೇ ಹೇಳಿದರೆ ಎಲ್ಲಿ ಹಚ್ಚಬೇಕು ಅಂತ ಗೊತ್ತಾಗಲ್ಲ, ‘ಮೂಗು ಸೋರು’ ಅಂತ ಜೋಡಿಯಾಗಿಯೇ ಬರಲಿ.

ಇನ್ನೊಬ್ಬರು: ಒಪ್ಪಿದೆ. ಆದರೆ ತಿದ್ದೋ ಹುಮ್ಮಸ್ಸಿನಲ್ಲಿ ‘ಓಡು’ ಪದಕ್ಕೇ ಬೇಲಿ ಹಾಕಬೇಡಿ. ಬಸ್ಸು ಕನ್ನಡದಲ್ಲೂ ಓಡುತ್ತೆ, ಕಾಲಿಲ್ಲದ ಸಿನಿಮಾ ನೂರು ದಿನ ಓಡುತ್ತೆ, ಕಷ್ಟದ ಲೆಕ್ಕದ ಮುಂದೆ ತಲೆ ಓಡಲ್ಲ.

ಸ್ವಲ್ಪ ದೊಡ್ಡ ಮಕ್ಕಳಾದರೆ ‘ಹರಿ’ ಎತ್ತಿಕೊಳ್ಳಿ. ಹಳಗನ್ನಡದ ‘ಪರಿ’ಯೇ ಇದು, ಪಾಲು ಹಾಲಾದ ಹಾಗೆ ಪರಿ ಹರಿಯಾಯ್ತು. ನದಿ ಹರಿಯುತ್ತೆ, ಹಾವು ಹರಿದುಹೋಗುತ್ತೆ, ಬೆಳಕು ಹರಿಯುತ್ತೆ, ಗಮನ ಹರಿಸ್ತೀವಿ, ಜಗಳ ಬಗೆಹರಿಯುತ್ತೆ. ನದಿ ಹರಿದರೂ, ಯಾರದೋ ಮೇಲೆ ಬಸ್ಸು ಹರಿದರೂ ಇಂಗ್ಲಿಷಿನಲ್ಲಿ ರನ್ನೇ. ಅಂಗಿ ‘ಹರೀತು’ ಅನ್ನೋದನ್ನು ಇದೇ ಸಾಲಿಗೆ ಸೇರಿಸಿದರೆ ಮಕ್ಕಳು ನದಿಗೂ ಅಂಗಿಗೂ ಏನು ಸಂಬಂಧ ಅಂತ ತಲೆ ಕೆಡಿಸಿಕೊಳ್ತಾರೆ. ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಕ್ರಿಕೆಟ್ಟಿನ ರನ್ ರನ್ನೇ ಆಗಿರಲಿ, ಅದರ ಗೊಡವೆಗೆ ಹೋಗಬೇಡಿ.