ಖುಲಾಸೆ, ಬಿಡುಗಡೆ, ಆರೋಪಮುಕ್ತಿ: ಮೂರೂ ಒಂದೇನಾ?

ಗೆಳೆಯರೇ, ಒಂದು ಪದದ ಬಗ್ಗೆ ಕೇಳಬೇಕಿತ್ತು. ವಿಚಾರಣೆ ಶುರುವಾಗುವ ಮೊದಲೇ, ‘ಈತನ ಮೇಲೆ ಕೇಸು ನಡೆಸುವಷ್ಟು ಆಧಾರವೇ ಇಲ್ಲ’ ಎಂದು ನ್ಯಾಯಾಧೀಶರು ಒಬ್ಬರನ್ನು ಬಿಟ್ಟುಬಿಡುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು? ಕೋರ್ಟಿನಲ್ಲಿ ಎಲ್ಲರೂ ಡಿಸ್ಚಾರ್ಜ್ ಅನ್ನುತ್ತಾರೆ. ವಿಚಾರಣೆ ಪೂರ್ತಿ ನಡೆದು, ಸಾಕ್ಷಿಗಳು ಬಂದು ಹೋಗಿ, ಕೊನೆಗೆ ತಪ್ಪು ರುಜುವಾತಾಗಿಲ್ಲ ಎಂದು ಬಿಟ್ಟರೆ ಅದು ಅಕ್ವಿಟಲ್. ಎರಡನೆಯದಕ್ಕೆ ನಮ್ಮಲ್ಲಿ ‘ಖುಲಾಸೆ’ ಎಂಬ ಗಟ್ಟಿ ಮಾತಿದೆ. ಮೊದಲನೆಯದಕ್ಕೆ?

ಹಳ್ಳಿಯ ಓದುಗರಿಗಾಗಿ ಕಾನೂನಿನ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅಲ್ಲಿ ಸಿಕ್ಕಿಬಿದ್ದೆ. ಪತ್ರಿಕೆಗಳನ್ನು ನೋಡಿದರೆ ಇನ್ನೂ ಗೊಂದಲ. ‘ಬಿಡುಗಡೆ’, ‘ಆರೋಪಮುಕ್ತ’, ‘ದೋಷಮುಕ್ತ’, ‘ಖುಲಾಸೆ’ ಎಲ್ಲವನ್ನೂ ಎರಡಕ್ಕೂ ಬಳಸುತ್ತಾರೆ. ಶೀರ್ಷಿಕೆಯಲ್ಲಿ ಎಷ್ಟು ಜಾಗ ಇದೆಯೋ ಅದಕ್ಕೆ ತಕ್ಕ ಪದ, ಅಷ್ಟೇ.

‘ಹೇಗೋ ಬಿಟ್ಟರಲ್ಲ, ಯಾವ ಪದವಾದರೇನು’ ಎಂದು ಕೆಲವರು ಕೇಳಬಹುದು. ಬಿಟ್ಟ ಮೇಲೆ ಏನಾಗುತ್ತದೆ ಎಂಬುದು ಪದದ ಮೇಲೇ ನಿಂತಿದೆ. ಖುಲಾಸೆಯಾದವರ ಮೇಲೆ ಅದೇ ತಪ್ಪಿಗೆ ಇನ್ನೊಂದು ವಿಚಾರಣೆ ನಡೆಸುವಂತಿಲ್ಲ. ಮೇಲಿನ ಕೋರ್ಟಿಗೆ ಮೇಲ್ಮನವಿ ಹೋಗಬಹುದು, ಅದು ಬೇರೆ ಮಾತು. ಈ ರಕ್ಷಣೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 300ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 337ನೇ ಕಲಮು. ಆ ಕಲಮಿನ ಕೊನೆಯಲ್ಲಿ ಒಂದು ವಿವರಣೆ ಕೊಟ್ಟಿದ್ದಾರೆ: ದೂರನ್ನು ವಜಾ ಮಾಡುವುದು, ಆರೋಪಿಯನ್ನು ಡಿಸ್ಚಾರ್ಜ್ ಮಾಡುವುದು, ಇವು ಖುಲಾಸೆ ಅಲ್ಲ. ಅಂದರೆ ಡಿಸ್ಚಾರ್ಜ್ ಆದವರ ವಿರುದ್ಧ ನಾಳೆ ಹೊಸ ಸಾಕ್ಷ್ಯ ಸಿಕ್ಕರೆ ಮತ್ತೆ ಕರೆಸಬಹುದು. ಕಾನೂನೇ ಎರಡನ್ನೂ ಬೇರೆ ಬೇರೆ ಎಂದು ಬರೆದಿಟ್ಟಿರುವಾಗ ನಾವು ಒಂದೇ ಮಾತಿನಲ್ಲಿ ಮುಗಿಸಿದರೆ ಓದಿದವರಿಗೆ ತಪ್ಪು ಧೈರ್ಯ ಕೊಟ್ಟಂತಾಗುತ್ತದೆ.

ಇನ್ನೊಂದು ಕಡೆಯೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಚಳವಳಿಗಾರರ ಮೇಲಿನ ಕೇಸುಗಳನ್ನು ಸರ್ಕಾರ ವಾಪಸ್ ಪಡೆಯಿತು ಎಂದು ನಾವು ಓದುತ್ತಲೇ ಇರುತ್ತೇವೆ. ವಿಧಾನಸೌಧದಲ್ಲಿ ತೀರ್ಮಾನವಾದ ಕೂಡಲೇ ಕೇಸು ಮುಗಿಯಿತು ಅನ್ನುವ ಹಾಗೆ ಸುದ್ದಿ ಬರುತ್ತದೆ. ನಿಜದಲ್ಲಿ ಸರ್ಕಾರಿ ಅಭಿಯೋಜಕರು ಕೋರ್ಟಿನ ಒಪ್ಪಿಗೆ ಕೇಳಬೇಕು. ಕೋರ್ಟು ಒಪ್ಪಿದರೂ ಫಲ ಒಂದೇ ಅಲ್ಲ. ಆರೋಪ ನಿಗದಿ, ಅಂದರೆ ಯಾವ ತಪ್ಪಿಗೆ ವಿಚಾರಣೆ ಎಂದು ಕೋರ್ಟು ಗೊತ್ತುಮಾಡುವುದು, ಆಗುವ ಮೊದಲು ವಾಪಸ್ ಪಡೆದರೆ ಡಿಸ್ಚಾರ್ಜ್, ನಿಗದಿಯಾದ ಮೇಲಾದರೆ ಖುಲಾಸೆ.

ಈಗ ಪದಗಳಿಗೆ ಬರೋಣ.

‘ಬಿಡುಗಡೆ’ ನನಗೆ ತುಂಬಾ ಇಷ್ಟದ ಪದ, ಆದರೆ ಇಲ್ಲಿ ಕೆಲಸಕ್ಕೆ ಬಾರದು. ಅದರ ಮೇಲೆ ಹೊರೆ ಜಾಸ್ತಿ. ಜಾಮೀನು ಸಿಕ್ಕಿ ಹೊರಗೆ ಬಂದರೂ ಬಿಡುಗಡೆ. ಶಿಕ್ಷೆ ಮುಗಿಸಿ ಬಂದರೂ ಬಿಡುಗಡೆ. ಸ್ವಾತಂತ್ರ್ಯ ದಿನಕ್ಕೋ ಗಣರಾಜ್ಯೋತ್ಸವಕ್ಕೋ ಸನ್ನಡತೆಯ ಮೇಲೆ ಬಿಟ್ಟರೂ ಬಿಡುಗಡೆ. ಜೊತೆಗೆ ಪುಸ್ತಕ, ಸಿನಿಮಾ, ಅನುದಾನ, ಕೆಆರ್‌ಎಸ್‌ ನೀರು ಎಲ್ಲವೂ ಬಿಡುಗಡೆಯೇ. ಸನ್ನಡತೆಯ ಮೇಲೆ ಹೊರಬಂದವರು ಅಪರಾಧಿ ಎಂದು ತೀರ್ಪಾದವರು. ಜಾಮೀನಿನ ಮೇಲೆ ಬಂದವರ ವಿಚಾರಣೆ ಇನ್ನೂ ಬಾಕಿ ಇರುತ್ತದೆ. ಖುಲಾಸೆಯಾದವರ ಮೇಲೆ ಏನೂ ಉಳಿದಿಲ್ಲ. ಮೂವರಿಗೂ ಒಂದೇ ಪದ ಅಂಟಿಸಿದರೆ ಊರಿನಲ್ಲಿ ಮೂವರನ್ನೂ ಒಂದೇ ಕಣ್ಣಿನಲ್ಲಿ ನೋಡುತ್ತಾರೆ. ತಮಿಳಿನ ‘ವಿಡುದಲೈ’ ಕತೆಯೂ ಇದೇ. ಅವರಿಗೆ ಖುಲಾಸೆಯೂ ವಿಡುದಲೈ, ದೇಶದ ಸ್ವಾತಂತ್ರ್ಯವೂ ವಿಡುದಲೈ.

‘ಖುಲಾಸೆ’ಯದು ಸ್ವಾರಸ್ಯದ ವಿಷಯ. ಅರಬ್ಬಿ ಮೂಲ. ಅಲ್ಲಿ ಖುಲಾಸಾ ಅಂದರೆ ಸಾರ, ಸಾರಾಂಶ. ಅದರ ಧಾತುವಿಗೆ ಶುದ್ಧವಾಗು, ಬಿಡಿಸಿಕೋ ಎಂಬ ಅರ್ಥಗಳಿವೆ. ಸಿನಿಮಾ ರೌಡಿಗಳ ಬಾಯಲ್ಲಿ ಕೇಳುವ ‘ಖಲಾಸ್’ ಕೂಡ ಅದೇ ಬಳ್ಳಿಯದು. ಹಿಂದಿಗೆ ಹೋದಾಗ ಅದು ‘ಬಯಲು ಮಾಡುವುದು’ ಎಂಬ ಅರ್ಥ ಪಡೆಯಿತು. ತೆರೆ ಎಂಬ ಅರ್ಥದ ‘ಖುಲ್’ ಪಕ್ಕದಲ್ಲೇ ಇದ್ದದ್ದರಿಂದಲೋ ಏನೋ. ಮರಾಠಿಯಲ್ಲೂ ಖುಲಾಸಾ ಎಂದರೆ ವಿವರಣೆ, ಸ್ಪಷ್ಟೀಕರಣ. ನಮ್ಮಲ್ಲಿ ಮಾತ್ರ ಕೋರ್ಟು ಸೇರಿ, ಬಿಡಿಸಿಕೋ ಎಂಬ ಹಳೆಯ ಅರ್ಥಕ್ಕೇ ಹತ್ತಿರವಾಗಿ ನಿಂತಿತು. ಹಿಂದಿ ಚಾನೆಲ್ಲಿನಲ್ಲಿ ‘ಬಡಾ ಖುಲಾಸಾ’ ಎಂದು ಬಂದಾಗ ನಮ್ಮ ಕಡೆಯವರು ಯಾರೋ ದೊಡ್ಡವರು ಕೇಸಿನಿಂದ ತಪ್ಪಿಸಿಕೊಂಡರು ಅಂದುಕೊಂಡರೆ ಆಶ್ಚರ್ಯವಿಲ್ಲ. ಹಿಂದಿಯಲ್ಲಿ ಖುಲಾಸೆಗೆ ‘ಬರೀ’ ಅನ್ನುತ್ತಾರೆ. ಮಲಯಾಳದ ಪತ್ರಿಕೆಗಳು ‘ವೆರುದೆ ವಿಟ್ಟು’ ಎಂದು ಬರೆಯುತ್ತವೆ. ಆ ವೆರುದೆ ನಮ್ಮ ‘ಬರಿದೆ’ಗೆ ಅಕ್ಕತಂಗಿ. ಅಂದರೆ ಸುಮ್ನೆ ಬಿಟ್ಟರು ಅಂತ! ಸರಳ ಪದ ಹೌದು, ಆದರೆ ಕೇಸು ನಡೆಸಿ ತೀರ್ಪು ಕೊಟ್ಟು ಬಿಟ್ಟವರ ಬಗ್ಗೆ ಸುಮ್ನೆ ಬಿಟ್ಟರು ಅನ್ನುವುದು ನನಗೇಕೋ ಹಿಡಿಸಲಿಲ್ಲ. ಖುಲಾಸೆಯೇ ವಾಸಿ.

‘ದೋಷಮುಕ್ತ’ವನ್ನು ಖುಲಾಸೆಗೆ ಬದಲಾಗಿ ಬಳಸುವುದಕ್ಕೂ ನನಗೆ ಸ್ವಲ್ಪ ತಕರಾರು ಇದೆ. ದೋಷದಿಂದ ಮುಕ್ತ ಎಂದಾಗ ಮೊದಲು ದೋಷ ಇತ್ತು, ಈಗ ತೊಳೆದುಹೋಯಿತು ಎಂಬ ಧ್ವನಿ ಬರುತ್ತದೆ, ಅಲ್ವಾ? ಶನಿದೋಷ, ಸರ್ಪದೋಷ ಪರಿಹಾರವಾದ ಹಾಗೆ. ಕಾನೂನು ಹೇಳುವುದು ಬೇರೆ. ತಪ್ಪು ಸಾಬೀತಾಗುವವರೆಗೂ ಮನುಷ್ಯ ನಿರ್ದೋಷಿ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 11ನೇ ವಿಧಿ ಇದನ್ನೇ ಹೇಳುತ್ತದೆ. ಹಾಗಿದ್ದ ಮೇಲೆ ಅವರು ಮುಕ್ತರಾಗಬೇಕಾದ ದೋಷವೇ ಇರಲಿಲ್ಲ.

ಇನ್ನು ‘ಆರೋಪಮುಕ್ತಿ’. ಡಿಸ್ಚಾರ್ಜ್‌ಗೆ ಇದನ್ನೇ ಇಟ್ಟುಕೊಳ್ಳೋಣ ಎಂದು ವಕೀಲ ಮಿತ್ರರೊಬ್ಬರು ಹೇಳಿದರು. ಕೇಳಲು ಚೆನ್ನಾಗಿದೆ. ಆದರೆ ಒಂದು ತೊಡಕು. ಒಂದು ಕ್ರಿಮಿನಲ್ ಕೇಸಿನಲ್ಲಿ ಆರೋಪ ಎಂಬ ಪದ ಹಲವು ಸಲ ಬರುತ್ತದೆ. ಎಫ್‌ಐಆರ್‌ನಲ್ಲಿ ದೂರುದಾರರು ಮಾಡುವುದು ಆರೋಪ. ತನಿಖೆ ಮುಗಿಸಿ ಪೊಲೀಸರು ಸಲ್ಲಿಸುವುದು ಆರೋಪಪಟ್ಟಿ. ಅದನ್ನು ನೋಡಿ ಕೋರ್ಟು ಮಾಡುವುದು ಆರೋಪ ನಿಗದಿ. ಕಾನೂನಿನ ಲೆಕ್ಕದಲ್ಲಿ ಪಕ್ಕಾ ಆರೋಪ ಎಂದರೆ ಈ ಕೊನೆಯದು. ಡಿಸ್ಚಾರ್ಜ್ ಆಗುವುದು ಅದಕ್ಕಿಂತ ಮೊದಲು. ಹಾಗಾದರೆ ಇನ್ನೂ ಹೊರಿಸದೇ ಇರುವ ಆರೋಪದಿಂದ ಮುಕ್ತಿ ಹೇಗೆ? ಎಫ್‌ಐಆರ್‌ನ ಆರೋಪವನ್ನೇ ಲೆಕ್ಕಕ್ಕೆ ಹಿಡಿದರೆ ಸರಿಹೋಗುತ್ತದೆ ಅನ್ನಬಹುದು. ಆದರೆ ಆ ಅರ್ಥದಲ್ಲಿ ಖುಲಾಸೆಯಾದವರೂ ಆರೋಪಮುಕ್ತರೇ. ಮತ್ತೆ ಅಲ್ಲಿಗೇ ಬಂದೆವು.

ಇಲ್ಲಿ ಒಂದು ಅಡ್ಡಮಾತು. ಯಾರಾದರೂ ಎತ್ತೇ ಎತ್ತುತ್ತಾರೆ, ನಾನೇ ಹೇಳಿಬಿಡುತ್ತೇನೆ. ‘ಆರೋಪಿ’ ಎಂಬುದೇ ತಪ್ಪು, ಆರೋಪ ಮಾಡುವವನು ಆರೋಪಿ, ಹೊತ್ತವನು ಆರೋಪಿತ ಎಂದು ಕೆಲವರು ತಿದ್ದುತ್ತಾರೆ. ವಿರೋಧ ಮಾಡುವವನು ವಿರೋಧಿ, ವಾದ ಮಾಡುವವನು ವಾದಿ ಎಂಬುದು ಅವರ ಆಧಾರ. ಆದರೆ ರೋಗ ಇರುವವನು ರೋಗಿ, ದೋಷ ಇರುವವನು ದೋಷಿ. ಆ ದಾರಿಯಲ್ಲಿ ಆರೋಪ ಇರುವವನು ಆರೋಪಿ ಆಗಲು ಅಡ್ಡಿಯೇನು? ಕೋರ್ಟಿನ ಕಾಗದಗಳಲ್ಲಿ ಆರೋಪಿತ, ಆಪಾದಿತ ಎರಡೂ ಕಾಣುತ್ತವೆ. ಜನ ಒಪ್ಪಿಕೊಂಡದ್ದು ಆರೋಪಿಯನ್ನು. ನನಗೆ ಬೇಜಾರು ಅದರ ರೂಪದ ಬಗ್ಗೆ ಅಲ್ಲ, ಬಳಕೆಯ ಬಗ್ಗೆ. ವಿಚಾರಿಸಲು ಠಾಣೆಗೆ ಕರೆಸಿದವರನ್ನೂ ಆರೋಪಿ ಅನ್ನುತ್ತಾರೆ. ಹೆಸರೇ ಗೊತ್ತಿಲ್ಲದವರನ್ನು ‘ಅಪರಿಚಿತ ಆರೋಪಿ’ ಅನ್ನುತ್ತಾರೆ. ಟಿವಿಯಲ್ಲಿ ‘ಎ1 ಆರೋಪಿ’ ಅನ್ನುತ್ತಾರೆ, ಆ ‘ಎ’ಯೇ ಆರೋಪಿ ಎಂಬುದನ್ನು ಮರೆತು. ಸಂಜೆಯ ಹೊತ್ತಿಗೆ ಅದೇ ಮನುಷ್ಯ ‘ಹಂತಕ’ ಆಗಿರುತ್ತಾನೆ. ಸಂವಿಧಾನದ 22ನೇ ವಿಧಿಯ ಪ್ರಕಾರ ಬಂಧಿಸಿದವರನ್ನು, ದಾರಿಯ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಟಿವಿಗೆ ಅಷ್ಟೂ ಹೊತ್ತು ಬೇಕಿಲ್ಲ.

ಜಾಮೀನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದೂ ಅರಬ್ಬಿಯದು. ಮೂಲದಲ್ಲಿ ಅದು ಹೊಣೆ ಹೊತ್ತ ಮನುಷ್ಯನ ಹೆಸರು. ನಮ್ಮಲ್ಲಿ ಹೊಣೆಯೇ ಜಾಮೀನು ಆಯಿತು, ಮನುಷ್ಯನಿಗೆ ‘ದಾರ’ ಸೇರಿಸಿ ಜಾಮೀನುದಾರ ಎಂದೆವು. ಸೊಸೈಟಿ ಸಾಲಕ್ಕೆ ಜಾಮೀನು ಹಾಕಿ ಕೈಸುಟ್ಟುಕೊಂಡವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಜಾಮೀನು ಸಿಕ್ಕಿತು ಎಂದರೆ ಕೇಸು ಗೆದ್ದರು ಎಂದು ತಿಳಿಯುವವರು ಬಹಳ. ಹೂಮಾಲೆ, ಪಟಾಕಿ ನೋಡಿದರೆ ಹಾಗೆ ಅನಿಸುವುದು ಸಹಜವೇ. ಜಾಮೀನು ಸಿಗದೆಯೋ, ಸಿಕ್ಕರೂ ಹೊಣೆ ಹೊರುವವರಿಲ್ಲದೆಯೋ ಒಳಗೇ ಉಳಿದವರನ್ನು ‘ವಿಚಾರಣಾಧೀನ ಕೈದಿ’ ಅನ್ನುತ್ತೇವೆ. ದೇಶದ ಜೈಲುಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ಇವರೇ. ಜೈಲಿನಲ್ಲಿದ್ದವರೆಲ್ಲ ಅಪರಾಧಿಗಳಲ್ಲ ಎಂಬುದನ್ನು ಕೈಪಿಡಿಯಲ್ಲಿ ಈ ಒಂದು ಅಂಕಿಯಿಂದಲೇ ಹೇಳಬೇಕೆಂದಿದ್ದೇನೆ.

ಮತ್ತೆ ನನ್ನ ಪ್ರಶ್ನೆಗೆ. ಉಳಿದ ಒಂದು ಪದ ‘ಕೈಬಿಡು’. ‘ತಮ್ಮನ್ನು ಪ್ರಕರಣದಿಂದ ಕೈಬಿಡುವಂತೆ ಕೋರಿ ಅರ್ಜಿ’ ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದು ಡಿಸ್ಚಾರ್ಜ್ ಅರ್ಜಿ. ಹೊಸ ಸಂಹಿತೆಯಲ್ಲಿ ಈ ಅರ್ಜಿಗೆ 60 ದಿನದ ಗಡುವು ಬೇರೆ ಇಟ್ಟಿದ್ದಾರೆ. ಹಾಗಾಗಿ ಸಾಮಾನ್ಯ ಜನರಿಗೂ ಇದಕ್ಕೊಂದು ಹೆಸರು ಗೊತ್ತಿರಬೇಕು. ಕೈಬಿಡು ಅಚ್ಚಗನ್ನಡ, ಎಲ್ಲರಿಗೂ ಅರ್ಥವಾಗುತ್ತದೆ, ವಿಚಾರಣೆ ಮುಂದುವರಿಯಲಿಲ್ಲ ಎಂಬುದೂ ಅದರಲ್ಲಿದೆ. ತೊಂದರೆ ಎರಡು. ‘ದೇವರೇ, ನನ್ನ ಕೈಬಿಡಬೇಡಪ್ಪಾ’ ಅನ್ನುವ ನಾಡಿನಲ್ಲಿ ಕೋರ್ಟು ಕೈಬಿಟ್ಟಿತು ಎಂದರೆ ಒಳ್ಳೆಯದಾಯಿತೋ ಕೆಟ್ಟದ್ದೋ ಎಂದು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಎರಡನೆಯದು, ಪೊಲೀಸರು ಆರೋಪಪಟ್ಟಿಯಿಂದ ಯಾರದೋ ಹೆಸರು ತೆಗೆದರೂ ‘ಕೈಬಿಟ್ಟರು’ ಅನ್ನುತ್ತೇವೆ. ಅದನ್ನು ಮಾಡಿದ್ದು ಪೊಲೀಸರು, ನ್ಯಾಯಾಧೀಶರಲ್ಲ.

ಪೂರ್ತಿ ಕೇಸಿನಲ್ಲೇ ಹುರುಳಿಲ್ಲ ಎಂದು ಪೊಲೀಸರು ವರದಿ ಕೊಟ್ಟರೆ ಕರ್ನಾಟಕದಲ್ಲಿ ಅದು ‘ಬಿ ರಿಪೋರ್ಟ್’. ಇದಕ್ಕೆ ಕನ್ನಡ ಹುಡುಕುವ ಗೋಜಿಗೆ ನಾನು ಹೋಗುವುದಿಲ್ಲ. ಹಳ್ಳಿಯ ಚಹಾ ಅಂಗಡಿಯಲ್ಲೂ ‘ಬಿ ರಿಪೋರ್ಟ್ ಹಾಕಿ ಮುಗಿಸಿದ್ರು’ ಅನ್ನುತ್ತಾರೆ. ಮುಗಿದಿರುವುದಿಲ್ಲ ಎಂಬುದನ್ನು ಮಾತ್ರ ಬರೆಯಬೇಕು. ದೂರು ಕೊಟ್ಟವರು ಅದಕ್ಕೆ ತಕರಾರು ಅರ್ಜಿ ಹಾಕಬಹುದು. ವರದಿಯನ್ನು ಒಪ್ಪುವುದು ಬಿಡುವುದು ಮ್ಯಾಜಿಸ್ಟ್ರೇಟರಿಗೆ ಸೇರಿದ್ದು.

ಸದ್ಯಕ್ಕೆ ನಾನು ಹೀಗೆ ಬರೆದುಕೊಂಡಿದ್ದೇನೆ: ಡಿಸ್ಚಾರ್ಜ್‌ಗೆ ‘ವಿಚಾರಣೆಗೆ ಮುನ್ನ ಕೈಬಿಡುವುದು’, ಅಕ್ವಿಟಲ್‌ಗೆ ಖುಲಾಸೆ ಮಾತ್ರ, ಜೈಲಿನ ಬಾಗಿಲು ದಾಟಿ ಹೊರಬರುವುದಕ್ಕೆ ಮಾತ್ರ ಬಿಡುಗಡೆ. ಹೈಕೋರ್ಟು ಎಫ್‌ಐಆರ್ ಅನ್ನೇ ತೆಗೆದುಹಾಕಿದರೆ ‘ರದ್ದು’. ಅದರಲ್ಲಿ ಗೊಂದಲವಿಲ್ಲ. ಮೊದಲನೆಯದು ಉದ್ದವಾಯಿತು, ಗೊತ್ತು.

ನಮ್ಮ ಕೆಳಹಂತದ ಕೋರ್ಟುಗಳ ಭಾಷೆ ಕನ್ನಡ. ಅಲ್ಲಿ ದಿನವೂ ಈ ಆದೇಶಗಳು ಆಗುತ್ತಿರುತ್ತವೆ. ಕಲಬುರಗಿ, ಬೀದರ್ ಕಡೆ ನಿಜಾಮರ ಕಾಲದಿಂದ ಉಳಿದ ಉರ್ದು ಮಾತುಗಳಿವೆ. ಬೆಳಗಾವಿ, ಧಾರವಾಡದ ಕಡೆ ಮರಾಠಿ ಮಾತುಗಳಿವೆ. ಮಂಗಳೂರಿನವರದು ಮದ್ರಾಸಿನ ಕಾಲದ ಪದ್ಧತಿ. ಈ ಕಡೆಗಳಲ್ಲಿ ಹಳೆಯ ವಕೀಲರು, ಅದಕ್ಕಿಂತ ಮುಖ್ಯವಾಗಿ ಅವರ ಗುಮಾಸ್ತರು, ಕಕ್ಷಿದಾರರಿಗೆ ಡಿಸ್ಚಾರ್ಜ್ ಆಯಿತು ಎಂಬುದನ್ನು ಯಾವ ಮಾತಿನಲ್ಲಿ ತಿಳಿಸುತ್ತಾರೆ? ಗೊತ್ತಿರುವವರು ಬರೆಯಿರಿ. ಪದ ಯಾವ ಜಿಲ್ಲೆಯದು, ಈಗಲೂ ಬಳಕೆಯಲ್ಲಿದೆಯೇ ಎಂಬುದನ್ನೂ ಸೇರಿಸಿದರೆ ಉಪಕಾರವಾಗುತ್ತದೆ.