ಮೂರು ದಿನ ನಿಲ್ಲಿಸಿದರೆ ಕಾರಿನ ಬ್ಯಾಟರಿ ಖಾಲಿ, ಎಲ್ಲಾ ನೋಡಿಯಾಯ್ತು

ಸುಸ್ತಾದ ಸವಾರ
ತಲೆ ಕೆಟ್ಟುಹೋಗಿದೆ. ಗಾಡಿಯನ್ನು ಮೂರು ದಿನ ನಿಲ್ಲಿಸಿದರೆ ಸಾಕು, ಸೆಲ್ಫ್ ಹೊಡೆದಾಗ ಟಕ್ ಟಕ್ ಅಂತ ಶಬ್ದ ಬಿಟ್ಟರೆ ಏನೂ ಇಲ್ಲ. ದಿನಾ ಓಡಿಸಿದರೆ ಯಾವ ತೊಂದರೆಯೂ ಇಲ್ಲ. ಹೊಸ ಬ್ಯಾಟರಿ ಹಾಕಿಸಿದೆ, ಅದೂ ಅದೇ ಕಥೆ. ಮೆಕ್ಯಾನಿಕ್ ‘ಓಡಿಸ್ತಾ ಇರಿ ಸರ್, ಸರಿಹೋಗುತ್ತೆ’ ಅನ್ನುತ್ತಾನೆ. ಲೈಟೆಲ್ಲಾ ಆಫ್ ಇದೆ. ಕರೆಂಟ್ ಎಲ್ಲಿ ಸೋರುತ್ತಿದೆ ಅಂತ ಹುಡುಕುವುದು ಹೇಗೆ?

ಹಳೇ ಹುಲಿ
ಆಲ್ಟರ್ನೇಟರ್ ಡಯೋಡ್. ಬೇರೆ ಏನೂ ನೋಡಬೇಡಿ. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವುದು ಆಲ್ಟರ್ನೇಟರ್, ಕರೆಂಟ್ ಒಂದೇ ಕಡೆ ಹೋಗುವಂತೆ ತಡೆಯುವುದು ಅದರ ಡಯೋಡ್. ಅದು ಲೀಕ್ ಆದರೆ ಗಾಡಿ ಆಫ್ ಇದ್ದಾಗ ಬ್ಯಾಟರಿ ಕರೆಂಟ್ ಅದರೊಳಗೇ ಹಿಂದಕ್ಕೆ ಹರಿಯುತ್ತದೆ. ರಾತ್ರಿಯೆಲ್ಲಾ ನಿಂತ ಗಾಡಿಯ ಬಾನೆಟ್ ಬೆಳಿಗ್ಗೆ ತೆಗೆದು ಆಲ್ಟರ್ನೇಟರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮುಗಿಯಿತು.

ತಂತಿ ಮರಿ
ಮುಟ್ಟಿ ನೋಡುವ ಮೊದಲು ಅಳೆಯೋಣ ಅಲ್ವಾ? ಸವಾರರೇ, ಯಾವ ಗಾಡಿ, ಬ್ಯಾಟರಿ ಎಷ್ಟು ಆಂಪಿಯರ್-ಅವರ್, ಹೊರಗಿನಿಂದ ಏನೇನು ಫಿಟ್ ಮಾಡಿಸಿದ್ದೀರಿ ಹೇಳಿ. ಮಲ್ಟಿಮೀಟರ್ ಇದೆಯಾ? ಇದ್ದರೆ ಕೆಂಪು ವೈರನ್ನು 10 ಆಂಪ್ ಸಾಕೆಟ್‌ಗೆ ಹಾಕಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ಮಧ್ಯೆ ಮೀಟರ್ ಸೇರಿಸಿ. ಮೀಟರ್ ಮಧ್ಯೆ ಇರುವಾಗ ತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಡಬಲ್ ಬ್ಯಾಟರಿ
ನೆಗೆಟಿವ್ ಯಾಕೆ? ಪಾಸಿಟಿವ್ ಕಡೆ ಅಳೆದರೂ ಅಷ್ಟೇ ಕರೆಂಟ್ ತಾನೇ.

ತಂತಿ ಮರಿ
ಅಷ್ಟೇ ಬರುತ್ತದೆ. ಆದರೆ ನೆಗೆಟಿವ್ ಕಟ್ಟಿರುವಾಗ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಗಾಡಿಯ ಬಾಡಿಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ, ಗೊತ್ತಲ್ಲ?

ಡಬಲ್ ಬ್ಯಾಟರಿ
ಕೈ ಸರಿ ಇದ್ದವರಿಗೆ ತಾಗುವುದಿಲ್ಲ.

ಸುಸ್ತಾದ ಸವಾರ
45 ಆಂಪಿಯರ್-ಅವರ್ ಬ್ಯಾಟರಿ. ಹ್ಯಾಚ್‌ಬ್ಯಾಕ್, ಪೆಟ್ರೋಲ್. ಮೀಟರ್ ಸೇರಿಸಿದೆ, 3.2 ಆಂಪ್ ತೋರಿಸಿತು!! ಆಲ್ಟರ್ನೇಟರ್ ಬೆಚ್ಚಗೂ ಇಲ್ಲ, ಏನೂ ಇಲ್ಲ.

ಹಳೇ ಹುಲಿ
3.2 ಆಂಪ್ ಅಂದರೆ ಡಯೋಡೇ. ಬೆಚ್ಚಗಿಲ್ಲ ಅಂದರೆ ಸರಿಯಾದ ಜಾಗ ಮುಟ್ಟಿಲ್ಲ. ಹಿಂಭಾಗದ ಕವರ್ ಹತ್ತಿರ ಮುಟ್ಟಿ.

ತಂತಿ ಮರಿ
ಹುಲಿ ಸರ್, ಮೊದಲಿಗೆ ಇಷ್ಟು ಆಂಪ್ ಬರುವುದು ಸಾಮಾನ್ಯ. ಕೇಬಲ್ ಮತ್ತೆ ತಾಗಿದ ಕೂಡಲೇ ಇಸಿಯು (ಎಂಜಿನ್ ಕಂಪ್ಯೂಟರ್), ಬಾಡಿ ಕಂಟ್ರೋಲ್ ಮಾಡ್ಯೂಲ್ (ಲೈಟ್, ಲಾಕ್ ನೋಡಿಕೊಳ್ಳುವುದು), ಡ್ಯಾಶ್‌ಬೋರ್ಡಿನ ಮೀಟರ್ ಕ್ಲಸ್ಟರ್ ಎಲ್ಲಾ ಎಚ್ಚರವಾಗುತ್ತವೆ. ಬಾಗಿಲು ತೆಗೆದಿದ್ದರೆ ಒಳಗಿನ ಲೈಟ್ ಕೂಡ. ಸವಾರರೇ, ಕಿಟಕಿ ಇಳಿಸಿ, ಬಾಗಿಲು ತೆಗೆದಿಡಿ, ಅದರ ಲಾಕ್ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಒಳಕ್ಕೆ ತಳ್ಳಿ ಮುಚ್ಚಿದ ಹಾಗೆ ಮಾಡಿ. ಬಾಗಿಲಿನ ಸ್ವಿಚ್ ಬೇರೆ ಕಡೆ ಇದ್ದರೆ ಅದನ್ನೂ ಒತ್ತಿ ಹಿಡಿಸಿ. ರಿಮೋಟಿನಲ್ಲಿ ಲಾಕ್ ಮಾಡಿ, ಕೀಯನ್ನು ದೂರ ಇಡಿ. ಹತ್ತಿರವಿದ್ದರೆ ಕೆಲವು ಗಾಡಿ ಮಲಗುವುದೇ ಇಲ್ಲ. ಅರ್ಧ ಗಂಟೆ ಬಿಟ್ಟು ರೀಡಿಂಗ್ ನೋಡಿ. 50 ಮಿಲಿಆಂಪ್ ಒಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ.

ಸುಸ್ತಾದ ಸವಾರ
ಇಳಿಯಿತು, ಆದರೆ 340 ಮಿಲಿಆಂಪ್‌ನಲ್ಲಿ ನಿಂತಿದೆ. ಅಲ್ಲಾಡುತ್ತಿಲ್ಲ.

ತಂತಿ ಮರಿ
ಲೆಕ್ಕ ಕೂಡಿತು. 0.34 ಆಂಪ್, 24 ಗಂಟೆ, ದಿನಕ್ಕೆ ಸುಮಾರು 8 ಆಂಪಿಯರ್-ಅವರ್. ಮೂರು ದಿನಕ್ಕೆ ನಿಮ್ಮ ಬ್ಯಾಟರಿಯ ಅರ್ಧಕ್ಕಿಂತ ಜಾಸ್ತಿ. ಈಗ ಫ್ಯೂಸ್ ನೋಡೋಣ. ಕಿತ್ತು ನೋಡಬೇಡಿ, ಮತ್ತೆ ಹಾಕುವಾಗ ಮಾಡ್ಯೂಲ್‌ಗಳು ಎದ್ದುಬಿಡುತ್ತವೆ. ಫ್ಯೂಸಿನ ತಲೆ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತವೆ. ಇನ್ನೊಂದು ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಆ ಎರಡರ ಮೇಲೆ ಮೊನೆ ಇಡಿ. ಕರೆಂಟ್ ಹರಿಯದಿದ್ದರೆ 0.0. ಹರಿಯುತ್ತಿದ್ದರೆ ಏನಾದರೂ ತೋರಿಸುತ್ತದೆ. 15 ಆಂಪಿನ ಮಿನಿ ಫ್ಯೂಸಿನಲ್ಲಿ 1.4 ಮಿಲಿವೋಲ್ಟ್ ಬಂದರೆ ಹತ್ತಿರ ಹತ್ತಿರ 300 ಮಿಲಿಆಂಪ್ ಅಂತ ಲೆಕ್ಕ.

ಡಬಲ್ ಬ್ಯಾಟರಿ
ಇಷ್ಟೆಲ್ಲಾ ಯಾಕೆ? ಬ್ಯಾಟರಿಗೆ ಕಟ್-ಆಫ್ ಸ್ವಿಚ್ ಹಾಕಿ, ನಿಲ್ಲಿಸಿದಾಗ ತಿರುಗಿಸಿ. ನನ್ನ ವ್ಯಾನಿನಲ್ಲಿ ಎರಡು ಬ್ಯಾಟರಿ, ಒಂದು ಖಾಲಿಯಾದರೂ ಇನ್ನೊಂದನ್ನು ಬೇರೆಯಾಗಿ ಇಡುವ ಐಸೊಲೇಟರ್ ಮಧ್ಯೆ, ಮೇಲೆ 100 ವ್ಯಾಟ್ ಸೋಲಾರ್ ಪ್ಯಾನೆಲ್. ಎರಡನೆಯದು ಲಿಥಿಯಂ ಐರನ್ ಫಾಸ್ಫೇಟ್. ಫ್ರಿಜ್ ರಾತ್ರಿಯಿಡೀ ಓಡಿದರೂ ಸೆಲ್ಫ್ ಒಂದೇ ಏಟಿಗೆ.

ಹಳೇ ಹುಲಿ
ಸ್ವಿಚ್ ಹಾಕಿದರೆ ಸೋರುವುದು ನಿಂತಿತೇ? ಮುಚ್ಚಿಟ್ಟ ಹಾಗಾಯಿತು ಅಷ್ಟೇ. ದಿನಾ ಗಡಿಯಾರ, ರೇಡಿಯೊ ಸೆಟ್ಟಿಂಗ್ ಬೇರೆ ಮಾಡಿಕೊಳ್ಳಬೇಕು. ನಿಮ್ಮ ಲಿಥಿಯಂ ನೇರ ಆಲ್ಟರ್ನೇಟರ್‌ನಿಂದ ಚಾರ್ಜ್ ಆಗುತ್ತಿದೆಯೋ, ಮಧ್ಯೆ ಚಾರ್ಜನ್ನು ಹದ ಮಾಡುವ ಡಿಸಿ-ಡಿಸಿ ಚಾರ್ಜರ್ ಇದೆಯೋ?

ಡಬಲ್ ಬ್ಯಾಟರಿ
ಡಿಸಿ-ಡಿಸಿ ಇದೆ ಸ್ವಾಮಿ, ಅಷ್ಟು ಗೊತ್ತಿಲ್ಲದೆ ಹಾಕುತ್ತೇನಾ. ಫೋಟೊ ಹಾಕುತ್ತೇನೆ, ತಾಳಿ.

ಸುಸ್ತಾದ ಸವಾರ
ಫೋಟೊ ಆಮೇಲೆ ಹಾಕಿ, ನನ್ನದು ನೋಡಿ. ವಿಚಿತ್ರ. ಒಂದೇ ಫ್ಯೂಸಿನಲ್ಲಿ ಇಲ್ಲ! ಕ್ಲಸ್ಟರ್, ಇಸಿಯು, ಬಾಡಿ, ಆಡಿಯೋ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತೋರಿಸುತ್ತಿದೆ. ಎಲ್ಲಾ ಒಟ್ಟಿಗೆ ಕೆಟ್ಟಿವೆಯಾ?

ಹಳೇ ಹುಲಿ
ಆಲ್ಟರ್ನೇಟರಿನ ದಪ್ಪ ವೈರು ಈ ಸಣ್ಣ ಫ್ಯೂಸುಗಳ ಮೂಲಕ ಹೋಗುವುದೇ ಇಲ್ಲ. ಬ್ಯಾಟರಿ ನೆಗೆಟಿವ್ ತೆಗೆದು ಆ ವೈರು ಬಿಚ್ಚಿ, ತುದಿಗೆ ಟೇಪ್ ಸುತ್ತಿ ಮತ್ತೆ ಅಳೆಯಿರಿ.

ತಂತಿ ಮರಿ
ಆ ಪರೀಕ್ಷೆ ಸರಿಯೇ, ಮಾಡಿದರೆ ನಷ್ಟವಿಲ್ಲ. ಆದರೆ ಆಲ್ಟರ್ನೇಟರ್ ಸೋರಿದರೆ ಕ್ಲಸ್ಟರಿನ ಫ್ಯೂಸಿನಲ್ಲಿ ಕರೆಂಟ್ ಯಾಕೆ ಹರಿಯಬೇಕು? ಇದು ಒಂದು ಕಡೆ ಸೋರುವ ಲಕ್ಷಣ ಅಲ್ಲ. ಗಾಡಿ ನಿದ್ದೆಗೇ ಹೋಗುತ್ತಿಲ್ಲ. ಮಾಡ್ಯೂಲ್‌ಗಳು ಕ್ಯಾನ್ ಬಸ್ ಅನ್ನುವ ಎರಡು ವೈರಿನ ಮೇಲೆ ಮಾತಾಡಿಕೊಳ್ಳುತ್ತವೆ. ಯಾವುದೋ ಒಂದು ಸುಮ್ಮನಿರದಿದ್ದರೆ ಉಳಿದವೂ ಎದ್ದಿರುತ್ತವೆ. ಮೊದಲೇ ಕೇಳಿದ್ದೆ, ಉತ್ತರ ಬರಲಿಲ್ಲ: ಹೊರಗಿನಿಂದ ಏನು ಹಾಕಿಸಿದ್ದೀರಿ? ಸ್ಟೀರಿಂಗ್ ಕೆಳಗೆ ಗಾಡಿಯ ಕಂಪ್ಯೂಟರ್ ತಪಾಸಣೆಗೆ ಇರುವ ಒಬಿಡಿ ಸಾಕೆಟ್‌ನಲ್ಲಿ ಏನಾದರೂ ಇದೆಯಾ?

ಸುಸ್ತಾದ ಸವಾರ
ಅದರಲ್ಲಿ ಬ್ಲೂಟೂತ್ ಡಾಂಗಲ್ ಇದೆ, ಮೊಬೈಲಲ್ಲಿ ಮೈಲೇಜ್ ನೋಡುವುದಕ್ಕೆ. ಬೆಂಕಿಪೊಟ್ಟಣದಷ್ಟು ಸಣ್ಣದು, ಒಂದು ನೀಲಿ ಎಲ್‌ಇಡಿ ಮಿಣುಕುತ್ತಿರುತ್ತದೆ. ಅದು ಎಷ್ಟು ಕರೆಂಟ್ ತಿಂದೀತು? ಎಲ್ಲರೂ ಹಾಕಿಕೊಳ್ಳುತ್ತಾರೆ.

ತಂತಿ ಮರಿ
ಅದು ತಿನ್ನುವುದು ಕಡಿಮೆಯೇ ಇರಬಹುದು. ಆದರೆ ಕೆಲವು ಡಾಂಗಲ್‌ಗಳು ಗಾಡಿ ಆಫ್ ಆದ ಮೇಲೂ ಇಸಿಯುವನ್ನು ಪ್ರಶ್ನೆ ಕೇಳುತ್ತಲೇ ಇರುತ್ತವೆ. ಕಿತ್ತು, ಲಾಕ್ ಮಾಡಿ, ಅರ್ಧ ಗಂಟೆ ಬಿಟ್ಟು ಅಳೆಯಿರಿ.

ಸುಸ್ತಾದ ಸವಾರ
22 ಮಿಲಿಆಂಪ್!!! ಎಲ್ಲಾ ಫ್ಯೂಸಲ್ಲೂ 0.0 ಇಲ್ಲವೇ 0.1. ಮತ್ತೆ ಸಿಕ್ಕಿಸಿ ನೋಡಿದೆ, ಎಷ್ಟು ಹೊತ್ತು ಬಿಟ್ಟರೂ 300ರ ಕೆಳಗೆ ಬರಲಿಲ್ಲ. ಡ್ರಾಯರಿಗೆ ಎಸೆದಿದ್ದೇನೆ. ಬ್ಯಾಟರಿ ಈಗ 12.2 ವೋಲ್ಟ್ ಇದೆ, ಪರವಾಗಿಲ್ವಾ?

ತಂತಿ ಮರಿ
12.2 ಅಂದರೆ ಸುಮಾರು ಅರ್ಧ. ಓಡಿಸಿದರೆ ತುಂಬುತ್ತದೆ ಅಂತ ಬಿಡಬೇಡಿ, ಚಾರ್ಜರ್ ಹಾಕಿ ನಿಧಾನವಾಗಿ ಪೂರ್ತಿ ಮಾಡಿ. ಚಾರ್ಜರ್ ತೆಗೆದು ಒಂದು ರಾತ್ರಿ ಬಿಟ್ಟ ಮೇಲೆ 12.6 ಹತ್ತಿರ ಇರಬೇಕು. ಪದೇ ಪದೇ ಖಾಲಿಯಾದ ಬ್ಯಾಟರಿಯ ಪ್ಲೇಟಿಗೆ ಸಲ್ಫೇಟ್ ಕಟ್ಟುತ್ತದೆ. ಚಾರ್ಜ್ ಉಳಿಯದಿದ್ದರೆ ಲೋಡ್ ಟೆಸ್ಟ್ (ಹೆಚ್ಚು ಕರೆಂಟ್ ಎಳೆದು ನೋಡುವ ಪರೀಕ್ಷೆ) ಮಾಡಿಸಿ.

ಹಳೇ ಹುಲಿ
ಡಯೋಡ್ ಒಮ್ಮೆ ನೋಡಿಸಿಬಿಡಿ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ನೋಡಿ, ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ನನ್ನ ಮಾತು ನೆನಪಾಗುತ್ತದೆ.

ಡಬಲ್ ಬ್ಯಾಟರಿ
ಫೋಟೊ ಹಾಕಿದ್ದೇನೆ. ವೈರಿಂಗ್ ನೋಡಿ, ಒಂದು ಕಡೆಯೂ ಟೇಪ್ ಇಲ್ಲ, ಎಲ್ಲಾ ಕ್ರಿಂಪ್ ಮಾಡಿ ಹೀಟ್ ಶ್ರಿಂಕ್.

ಹೊಸಬ 2
ನನ್ನದು ಬೈಕ್, ಅಲಾರಂ ಹಾಕಿಸಿದ ಮೇಲೆ ಇದೇ ಥರ ಆಗುತ್ತಿದೆ. ಅದೂ ಕ್ಯಾನ್ ಬಸ್ ಇರಬಹುದಾ?

ಹಳೇ ಹುಲಿ
ರೆಕ್ಟಿಫೈಯರ್. ಬೈಕಿನಲ್ಲಿ ಡಯೋಡ್ ಇರುವುದು ಅದರಲ್ಲೇ.